ಹಡಗಿನ ಪಟ್ಟಿಯಲ್ಲಿ ಕಳೆದುಹೋದ ಅಜ್ಜಂದಿರು

ನಮ್ಮಲ್ಲಿ ಹೆಚ್ಚಿನವರಿಗೆ ಅಜ್ಜನ ಹೆಸರು ಗೊತ್ತು. ಅಜ್ಜನ ತಂದೆಯ ಹೆಸರು ಕೇಳಿದರೆ ಮನೆಯ ಹಿರಿಯರ ಮುಖ ನೋಡುತ್ತೇವೆ. ಅದಕ್ಕೂ ಹಿಂದಿನವರ ಬಗ್ಗೆ ಕೇಳಿದರೆ ಹಿರಿಯರೂ ಸುಮ್ಮನಾಗುತ್ತಾರೆ. ರಾಜರಿಗೆ, ನವಾಬರಿಗೆ, ಜಮೀನ್ದಾರರಿಗೆ ವಂಶಾವಳಿ ಬರೆದುಕೊಡುವವರಿದ್ದರು. ದುಡಿದು ತಿನ್ನುವವನ ವಂಶಾವಳಿ ಬರೆದವರು ಯಾರು? ನೆಲದ ಮೇಲೆ ದುಡಿದವನ ಹೆಸರು ಪಹಣಿಯಲ್ಲೋ ಸಾಲದ ಪತ್ರದಲ್ಲೋ ಎಲ್ಲಾದರೂ ಸಿಕ್ಕೀತು. ಊರಿನ ಖಬರಸ್ತಾನದಲ್ಲಿ ಅವನಿಗೊಂದು ಗೋರಿಯಾದರೂ ಇದ್ದೀತು. ಕಡಲಿಗೆ ಹೋಗಿ ಮರಳದವನಿಗೆ ಅದೂ ಇಲ್ಲ.

ಆದರೆ ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಒಂದು ಕಸುಬಿತ್ತು. ಅದಕ್ಕೆ ಹೋದ ಅತ್ಯಂತ ಬಡ ಖಲಾಸಿಯ ಹೆಸರು, ಹುಟ್ಟಿದೂರು, ವಯಸ್ಸು, ಎತ್ತರ, ಮೈಬಣ್ಣ, ಕೂದಲ ಬಣ್ಣವನ್ನೂ ಸರಕಾರಿ ಗುಮಾಸ್ತ ಬರೆದಿಟ್ಟುಕೊಳ್ಳುತ್ತಿದ್ದ. ಅದು ತಿಮಿಂಗಿಲ ಬೇಟೆಯ ಕಸುಬು. ಬಡವನ ಮೇಲಿನ ಪ್ರೀತಿಯಿಂದ ಯಾರೂ ಹಾಗೆ ಬರೆಯಲಿಲ್ಲ. ಆದರೂ ಆ ಹಳದಿಗಟ್ಟಿದ ಹಾಳೆಗಳಲ್ಲಿ ಇಂದು ಗುಲಾಮರ ಮೊಮ್ಮಕ್ಕಳು, ಅಮೆರಿಕದ ಮೂಲನಿವಾಸಿಗಳು, ಅಟ್ಲಾಂಟಿಕ್ ದ್ವೀಪಗಳಿಂದ ಬಂದು ನೆಲೆಸಿದವರು ತಮ್ಮ ಮುತ್ತಜ್ಜಂದಿರನ್ನು ಹುಡುಕುತ್ತಿದ್ದಾರೆ. ಆ ಹುಡುಕಾಟದ ಕತೆಯಲ್ಲಿ ನಮಗೂ ಒಂದು ಪಾಠವಿದೆ ಎಂದು ನಾವು ಭಾವಿಸುತ್ತೇವೆ.

ಎಣ್ಣೆಯ ಊರು

ಪ್ರವಾದಿ ಯೂನುಸ್(ಅ)ರ ಕತೆ ಕೇಳಿ ಬೆಳೆದ ನಮಗೆ, ಮನುಷ್ಯನನ್ನು ನುಂಗಿದ ಆ ದೊಡ್ಡ ಮೀನು ಅಲ್ಲಾಹನ ಶಕ್ತಿಯ ಒಂದು ನಿದರ್ಶನ. ಆದರೆ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ನ್ಯೂ ಬೆಡ್‌ಫರ್ಡ್ ಎಂಬ ಬಂದರಿನ ವ್ಯಾಪಾರಿಗಳಿಗೆ ತಿಮಿಂಗಿಲವೆಂದರೆ ಎಣ್ಣೆಯ ಪೀಪಾಯಿ. ಸೀಮೆಎಣ್ಣೆ ಬರುವ ಮೊದಲು ಅಲ್ಲಿನ ದೀಪಗಳು ಉರಿಯುತ್ತಿದ್ದುದು, ಕಾರ್ಖಾನೆಯ ಯಂತ್ರಗಳು ಸವೆಯದೆ ತಿರುಗುತ್ತಿದ್ದುದು ತಿಮಿಂಗಿಲದ ಎಣ್ಣೆಯಿಂದ. ಸ್ಪರ್ಮ್ ತಿಮಿಂಗಿಲದ ತಲೆಯಲ್ಲಿ ಸಿಗುವ ಮೇಣದಂಥ ವಸ್ತುವಿನಿಂದ ಅತ್ಯುತ್ತಮ ಮೊಂಬತ್ತಿ ತಯಾರಾಗುತ್ತಿತ್ತು. ನಮ್ಮ ಅತ್ತರಿನ ಅಂಗಡಿಗಳಲ್ಲಿ ಹೆಸರು ಕೇಳುವ ಅಂಬರ್ ಕೂಡ ಅದೇ ತಿಮಿಂಗಿಲದ ಹೊಟ್ಟೆಯಲ್ಲಿ ಹುಟ್ಟುವಂಥದ್ದು.

1840ರ ದಶಕದಲ್ಲಿ ಅಮೆರಿಕದ ಬೇಟೆಯ ಹಡಗುಗಳ ಸಂಖ್ಯೆ 700ನ್ನು ಮೀರಿತ್ತು. 1857ರಲ್ಲಿ ನ್ಯೂ ಬೆಡ್‌ಫರ್ಡ್ ಒಂದರಿಂದಲೇ 329 ಹಡಗುಗಳು ಹೊರಡುತ್ತಿದ್ದವು. ಅವುಗಳಲ್ಲಿ ದುಡಿಯುತ್ತಿದ್ದವರು ಸುಮಾರು 10,000 ಮಂದಿ. ಒಮ್ಮೆ ಹೊರಟರೆ ಮರಳಲು ಮೂರು ನಾಲ್ಕು ವರ್ಷ. ಅಟ್ಲಾಂಟಿಕ್ ದಾಟಿ, ಹಿಂದೂ ಮಹಾಸಾಗರ ಸುತ್ತಿ, ಪೆಸಿಫಿಕ್‌ನ ದ್ವೀಪಗಳಲ್ಲಿ ನೀರು ತುಂಬಿಸಿಕೊಂಡು, ಉತ್ತರದ ಹಿಮಗಡಲಿನವರೆಗೂ ಹೋಗುವ ಪಯಣ ಅದು.

ಈ ಕಸುಬಿನಲ್ಲಿ ತಿಂಗಳ ಸಂಬಳವಿರಲಿಲ್ಲ. ಬಂದ ಲಾಭದಲ್ಲಿ ಪಾಲು. ಕಪ್ತಾನನಿಗೆ ಸುಮಾರು 15ರಲ್ಲಿ ಒಂದು ಪಾಲು ಸಿಕ್ಕಿದರೆ, ಹೊಸದಾಗಿ ಸೇರಿದ ಹುಡುಗನಿಗೆ 175ರಲ್ಲೋ 200ರಲ್ಲೋ ಒಂದು ಪಾಲು. ಅದರಲ್ಲೂ ಮುಂಗಡ, ಹಡಗಿನ ಪೆಟ್ಟಿಗೆಯಿಂದ ಕೊಂಡ ಬಟ್ಟೆ, ತಂಬಾಕು ಎಲ್ಲದರ ಬೆಲೆ ಕಳೆಯುತ್ತಿತ್ತು. ಮೂರು ವರ್ಷ ಕಡಲಲ್ಲಿ ಜೀವ ತೇಯ್ದು, ಮನೆಗೆ ಮರಳಿದಾಗ ಮಾಲೀಕನಿಗೇ ಸಾಲಗಾರನಾಗಿ ನಿಂತವರೂ ಇದ್ದರು. ಬೇರೆ ದಾರಿ ಇದ್ದವರು ಎರಡನೆಯ ಬಾರಿ ಈ ಹಡಗು ಹತ್ತುತ್ತಿರಲಿಲ್ಲ. ಹಾಗಾಗಿಯೇ ಬೇರೆ ದಾರಿ ಇಲ್ಲದವರಿಗೆ ಇಲ್ಲಿ ಬಾಗಿಲು ತೆರೆದಿತ್ತು. ಸ್ವತಂತ್ರ ಕರಿಯರು, ದಕ್ಷಿಣದಿಂದ ತಪ್ಪಿಸಿಕೊಂಡು ಬಂದ ಗುಲಾಮರು, ಭೂಮಿ ಕಳೆದುಕೊಂಡ ವಾಂಪನೋಗ್ ಬುಡಕಟ್ಟಿನ ಯುವಕರು, ಅಜೋರ್ಸ್ ಮತ್ತು ಕೇಪ್ ವರ್ಡ್ ದ್ವೀಪಗಳ ಬಡವರು, ಹವಾಯಿಯ ಈಜುಗಾರರು ಎಲ್ಲರೂ ಒಂದೇ ಹಡಗಿನ ಒಂದೇ ಇಕ್ಕಟ್ಟಾದ ಗೂಡಿನಲ್ಲಿ ಮಲಗುತ್ತಿದ್ದರು.

ಪಟ್ಟಿ ಬರೆದದ್ದು ಏಕೆ?

ಸ್ವಾತಂತ್ರ್ಯ ಪಡೆದ ಹೊಸದರಲ್ಲಿ ಅಮೆರಿಕಕ್ಕೊಂದು ತಲೆನೋವಿತ್ತು. ಬ್ರಿಟಿಷ್ ಯುದ್ಧನೌಕೆಗಳು ನಡುಗಡಲಲ್ಲಿ ಅಮೆರಿಕದ ಹಡಗುಗಳನ್ನು ತಡೆದು, ಅದರಲ್ಲಿರುವ ಖಲಾಸಿಗಳನ್ನು ‘ನೀವು ನಮ್ಮ ಪ್ರಜೆಗಳು’ ಎಂದು ಬಲವಂತವಾಗಿ ಎಳೆದೊಯ್ಯುತ್ತಿದ್ದವು. ಇದನ್ನು ತಡೆಯಲು 1796ರಲ್ಲಿ ಕಾನೂನು ಬಂತು. ಖಲಾಸಿಯೊಬ್ಬ ತನ್ನ ಪೌರತ್ವಕ್ಕೆ ಸಾಕ್ಷಿ ಒದಗಿಸಿ, 25 ಸೆಂಟ್ ಶುಲ್ಕ ಕೊಟ್ಟರೆ, ಬಂದರಿನ ಸುಂಕದ ಅಧಿಕಾರಿ ಅವನಿಗೊಂದು ರಕ್ಷಣಾ ಪತ್ರ ಕೊಡುತ್ತಿದ್ದ. ಆಗ ಭಾವಚಿತ್ರಗಳಿರಲಿಲ್ಲ. ಆದ್ದರಿಂದ ಎತ್ತರ, ಮೈಬಣ್ಣ, ಗಾಯದ ಗುರುತುಗಳೇ ಮನುಷ್ಯನ ಚಿತ್ರ.

1803ರ ಇನ್ನೊಂದು ಕಾನೂನಿನ ಪ್ರಕಾರ ವಿದೇಶಕ್ಕೆ ಹೊರಡುವ ಪ್ರತಿ ಹಡಗಿನ ಕಪ್ತಾನ ತನ್ನ ಆಳುಗಳ ಪಟ್ಟಿಯನ್ನು ಸುಂಕದ ಕಚೇರಿಗೆ ಒಪ್ಪಿಸಬೇಕಿತ್ತು. ಮರಳಿ ಬಂದಾಗ ಪಟ್ಟಿಯಲ್ಲಿರುವ ಪ್ರತಿಯೊಬ್ಬನ ಲೆಕ್ಕ ಕೊಡಬೇಕಿತ್ತು. ಇವನು ಓಡಿಹೋದ, ಇವನನ್ನು ಕಾಯಿಲೆಯೆಂದು ಇಂಥ ಬಂದರಿನಲ್ಲಿ ಇಳಿಸಿದೆವು, ಇವನು ಸತ್ತ. ಒಟ್ಟಿನಲ್ಲಿ ಆಳುಗಳ ವಿಷಯದಲ್ಲಿ ಕಪ್ತಾನ ಸರಕಾರಕ್ಕೆ ಉತ್ತರ ಹೇಳಬೇಕಿತ್ತು. ಈ ಉತ್ತರದಾಯಿತ್ವದ ಫಲವೇ ಇಂದು ಸಂಶೋಧಕರಿಗೆ ನಿಧಿಯಾಗಿದೆ. ನ್ಯೂ ಬೆಡ್‌ಫರ್ಡ್‌ನ ಸಾರ್ವಜನಿಕ ಗ್ರಂಥಾಲಯ, ಅಲ್ಲಿನ ತಿಮಿಂಗಿಲ ಬೇಟೆ ವಸ್ತುಸಂಗ್ರಹಾಲಯ, ಮಿಸ್ಟಿಕ್ ಸೀಪೋರ್ಟ್ ವಸ್ತುಸಂಗ್ರಹಾಲಯಗಳ ಶ್ರಮದಿಂದ ಇಂಥ ಒಂದು ಲಕ್ಷಕ್ಕೂ ಹೆಚ್ಚು ನಮೂದುಗಳು ಈಗ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ.

ಮೈಬಣ್ಣದ ಕಲಮು

ಪಟ್ಟಿಯಲ್ಲಿ ಅತ್ಯಂತ ಮಾತನಾಡುವ ಕಲಮು ಮೈಬಣ್ಣದ್ದು. ಅಷ್ಟೇ ಹೆಚ್ಚು ದಾರಿ ತಪ್ಪಿಸುವುದೂ ಅದೇ. ಬೆಳ್ಳಗೆ, ಕಪ್ಪು, ಕಂದು, ಹಳದಿ, ತಾಮ್ರ ಎಂದೆಲ್ಲ ಗುಮಾಸ್ತರು ಬರೆದಿದ್ದಾರೆ. ‘ಮಾಬಿ ಡಿಕ್’ ಕಾದಂಬರಿ ಬರೆದ ಹರ್ಮನ್ ಮೆಲ್‌ವಿಲ್ 1841ರ ಜನವರಿಯಲ್ಲಿ ಅಕುಷ್ನೆಟ್ ಎಂಬ ಹಡಗಿನಲ್ಲಿ ಬೇಟೆಗೆ ಹೊರಟವನು. ಆ ಹಡಗಿನ ಪಟ್ಟಿಯಲ್ಲಿ 21 ವರ್ಷದ ಈ ಬಿಳಿಯನ ಮೈಬಣ್ಣ ‘ಕಪ್ಪು’ ಎಂದಿದೆ. ಬಿಸಿಲಿಗೆ ಕಂದಿದ ಬಿಳಿಯನಿಗೂ ಅದೇ ಪದ ಬಳಸುತ್ತಿದ್ದರು. ವಾಸದ ಊರು ಫೇರ್‌ಹೇವನ್ ಎಂದಿದೆ. ಅವನು ಅಲ್ಲಿಗೆ ಬಂದದ್ದೇ ಹಡಗು ಹತ್ತಲು. ಮರುವರ್ಷವೇ ಮಾರ್ಕೇಸಸ್ ದ್ವೀಪದಲ್ಲಿ ಅವನು ಹಡಗು ಬಿಟ್ಟು ಓಡಿಹೋದ. ಜಗತ್ತೇ ಬಲ್ಲ ಲೇಖಕನ ನಮೂದಿನಲ್ಲಿಯೇ ಇಷ್ಟು ಗೊಂದಲವಿದ್ದರೆ, ಹೆಬ್ಬೆಟ್ಟಿನವನ ಪಾಡೇನು?

ಅಮೆರಿಕದ ಮೂಲನಿವಾಸಿ ಖಲಾಸಿಗಳ ಬಗ್ಗೆ ಅಧ್ಯಯನ ಮಾಡಿದ ಇತಿಹಾಸಕಾರ್ತಿ ನ್ಯಾನ್ಸಿ ಶೂಮೇಕರ್ ಒಬ್ಬನೇ ಮನುಷ್ಯ ಬೇರೆ ಬೇರೆ ಪಯಣಗಳ ಪಟ್ಟಿಯಲ್ಲಿ ಬೇರೆ ಬೇರೆ ಬಣ್ಣದವನಾಗಿ ಕಾಣಿಸಿಕೊಳ್ಳುವುದನ್ನು ತೋರಿಸಿಕೊಟ್ಟಿದ್ದಾರೆ. ಮನುಷ್ಯನ ಚರ್ಮ ಬದಲಾಗಿರಲಿಲ್ಲ. ಬದಲಾದದ್ದು ಮೇಜಿನ ಆಚೆ ಕುಳಿತ ಗುಮಾಸ್ತನ ಕಣ್ಣು.

ಆದರೂ ಕಡಲಿನಲ್ಲಿ ಬಣ್ಣದ ಗೋಡೆ ಕೆಲವೊಮ್ಮೆ ಬಿರುಕು ಬಿಟ್ಟದ್ದುಂಟು. ಆಫ್ರಿಕಾದಿಂದ ಗುಲಾಮನಾಗಿ ಬಂದ ಕೋಫಿ ಮತ್ತು ವಾಂಪನೋಗ್ ಬುಡಕಟ್ಟಿನ ರೂತ್ ದಂಪತಿಯ ಮಗ ಪಾಲ್ ಕಫಿ (1759-1817) ಹದಿಹರೆಯದಲ್ಲಿ ತಿಮಿಂಗಿಲ ಬೇಟೆಗೆ ಹೋಗಿ, ಮುಂದೆ ಸ್ವಂತ ಹಡಗುಗಳ ಒಡೆಯನಾದ. ಮತದಾನದ ಹಕ್ಕಿಲ್ಲದ ಮೇಲೆ ನಮಗೆ ತೆರಿಗೆ ಏಕೆ ಎಂದು 1780ರಲ್ಲಿಯೇ ಅವನೂ ಅವನ ಸಂಗಡಿಗರೂ ಸರಕಾರಕ್ಕೆ ಅರ್ಜಿ ಕೊಟ್ಟಿದ್ದರು. 1822ರಲ್ಲಿ ನ್ಯಾಂಟುಕೆಟ್‌ನ ಅಬ್ಸಲಂ ಬಾಸ್ಟನ್ ಎಂಬ ಕರಿಯ ಕಪ್ತಾನ ಕರಿಯರೇ ತುಂಬಿದ್ದ ‘ಇಂಡಸ್ಟ್ರಿ’ ಹಡಗನ್ನು ನಡೆಸಿದ. 1848ರಲ್ಲಿ ನ್ಯೂ ಬೆಡ್‌ಫರ್ಡ್‌ನ ಕರಿಯ ಕಮ್ಮಾರ ಲೂಯಿಸ್ ಟೆಂಪಲ್ ತಿಮಿಂಗಿಲದ ಮೈಯಿಂದ ಜಾರದ ಹೊಸ ಬಗೆಯ ಈಟಿಮೊನೆ ಮಾಡಿದ. ಇಡೀ ಉದ್ಯಮ ಅದನ್ನು ನಕಲು ಮಾಡಿ ಶ್ರೀಮಂತವಾಯಿತು. ಪೇಟೆಂಟ್ ಮಾಡಿಸದ ಟೆಂಪಲ್ 1854ರಲ್ಲಿ ಬಡವನಾಗಿಯೇ ಸತ್ತ.

ಹೆಸರು ಬದಲಾದವರು

ಪೂರ್ವಜನನ್ನು ಹುಡುಕಲು ಹೊರಟವರಿಗೆ ಎದುರಾಗುವ ಅತಿ ದೊಡ್ಡ ಗೋಡೆ ಹೆಸರಿನದು. ಕೇಪ್ ವರ್ಡ್‌ನ ಬ್ರಾವಾ, ಫೋಗೊ ದ್ವೀಪಗಳಿಂದ ಬಂದ ಪೋರ್ಚುಗೀಸ್ ಹೆಸರಿನವರನ್ನು ಗುಮಾಸ್ತರು ತಮ್ಮ ನಾಲಿಗೆಗೆ ಒಗ್ಗುವಂತೆ ಬರೆದರು. ಜ್ವಾವ್ ಹೋಗಿ ಜಾನ್ ಆದ, ಪೆರೇರಾ ಹೋಗಿ ಪೆರಿ ಆದ, ರೋಡ್ರಿಗ್ಸ್ ಹೋಗಿ ರೋಜರ್ಸ್ ಆದ. ಪೆಸಿಫಿಕ್ ದ್ವೀಪಗಳವರಿಗೆ ಸ್ವಂತ ಹೆಸರು ಕೇಳುವ ಸೌಜನ್ಯವೂ ಇರಲಿಲ್ಲ. ಹವಾಯಿ ಭಾಷೆಯಲ್ಲಿ ‘ಕನಾಕ’ ಎಂದರೆ ಮನುಷ್ಯ ಎಂದಷ್ಟೇ ಅರ್ಥ. ಅದನ್ನೇ ಮನೆತನದ ಹೆಸರಾಗಿಸಿ ಎಷ್ಟೋ ಮಂದಿಯನ್ನು ‘ಜಾನ್ ಕನಾಕ’ ಎಂದು ಬರೆದುಕೊಂಡರು. 1841ರಲ್ಲಿ ಪಾಳು ದ್ವೀಪದಲ್ಲಿ ಸಿಲುಕಿದ್ದ ಹದಿನಾಲ್ಕು ವರ್ಷದ ಜಪಾನಿ ಬೆಸ್ತ ಹುಡುಗ ಮಂಜಿರೋನನ್ನು ಜಾನ್ ಹೌಲೆಂಡ್ ಎಂಬ ಬೇಟೆಯ ಹಡಗು ಕಾಪಾಡಿತು. ಹಡಗಿನವರ ಬಾಯಲ್ಲಿ ಅವನು ‘ಜಾನ್ ಮಂಗ್’ ಆದ. ಹತ್ತು ವರ್ಷಗಳ ನಂತರ ತಾಯ್ನಾಡಿಗೆ ಮರಳಿ ತನ್ನ ಹೆಸರನ್ನು ತಾನೇ ಮರಳಿ ಪಡೆದ ಭಾಗ್ಯವಂತ ಅವನು. ಎಲ್ಲರಿಗೂ ಆ ಭಾಗ್ಯ ಇರಲಿಲ್ಲ.

ಕೆಲವರು ಹೆಸರನ್ನು ತಾವಾಗಿಯೇ ಬದಲಿಸಿಕೊಂಡರು. ಅದು ಜೀವ ಉಳಿಸಿಕೊಳ್ಳುವ ದಾರಿಯಾಗಿತ್ತು. ಗುಲಾಮಗಿರಿ ವಿರೋಧಿ ಹೋರಾಟದ ಮಹಾನ್ ನಾಯಕ ಫ್ರೆಡರಿಕ್ ಡಗ್ಲಾಸ್ 1838ರ ಸೆಪ್ಟೆಂಬರ್ 3ರಂದು ಬಾಲ್ಟಿಮೋರ್‌ನಿಂದ ತಪ್ಪಿಸಿಕೊಂಡದ್ದು ಒಬ್ಬ ಸ್ವತಂತ್ರ ಕರಿಯ ಖಲಾಸಿಯ ರಕ್ಷಣಾ ಪತ್ರವನ್ನು ಎರವಲು ಪಡೆದು, ಖಲಾಸಿಯ ವೇಷ ತೊಟ್ಟು. ಪತ್ರದಲ್ಲಿದ್ದ ಚಹರೆ ಅವನಿಗೆ ಹೊಂದುತ್ತಿರಲಿಲ್ಲ. ರೈಲಿನ ಕಂಡಕ್ಟರ್ ಪತ್ರದ ಮೇಲಿದ್ದ ಹದ್ದಿನ ಚಿತ್ರ ನೋಡಿ ಮುಂದೆ ಹೋದ. ಹುಟ್ಟಿನಿಂದ ಬೈಲಿ ಆಗಿದ್ದವನು ದಾರಿಯಲ್ಲಿ ಜಾನ್ಸನ್ ಆಗಿ, ನ್ಯೂ ಬೆಡ್‌ಫರ್ಡ್ ತಲುಪಿ ಡಗ್ಲಾಸ್ ಆದ. ಹೀಗೆ ಬದುಕಿಕೊಂಡವರ ಮೊಮ್ಮಕ್ಕಳು ಇಂದು ಅಜ್ಜನ ಮೊದಲ ಹೆಸರನ್ನು ಹುಡುಕುತ್ತಾರೆ. ಅಜ್ಜ ಅದನ್ನು ಯಾರಿಗೂ ಸಿಗಬಾರದೆಂದೇ ಅಡಗಿಸಿಟ್ಟಿದ್ದ.

ಮರಳಿ ಸಿಕ್ಕ ಒಬ್ಬ ಖಲಾಸಿ

ಇಂಥ ಹುಡುಕಾಟದ ಅತ್ಯುತ್ತಮ ಉದಾಹರಣೆ ಜಾನ್ ಜೇಕಬ್ಸ್‌ನದು. ತನ್ನ ಗುಲಾಮಗಿರಿಯ ಆತ್ಮಕತೆ ಬರೆದು ಹೆಸರಾದ ಹ್ಯಾರಿಯೆಟ್ ಜೇಕಬ್ಸ್‌ಳ ತಮ್ಮ ಇವನು. ನಾರ್ತ್ ಕ್ಯಾರೊಲೈನಾದ ಈಡೆಂಟನ್‌ನಲ್ಲಿ ಹುಟ್ಟಿದವನು. 1838ರಲ್ಲಿ ಅಮೆರಿಕದ ಸಂಸತ್ ಸದಸ್ಯನಾಗಿದ್ದ ಒಡೆಯ ಇವನನ್ನು ಜೊತೆಗೆ ನ್ಯೂಯಾರ್ಕಿಗೆ ಕರೆತಂದಾಗ, ಹೊಟೇಲಿನಿಂದ ಸದ್ದಿಲ್ಲದೆ ಹೊರನಡೆದ. ನ್ಯೂ ಬೆಡ್‌ಫರ್ಡ್ ಸೇರಿದ. ಹಗಲು ದುಡಿದು ರಾತ್ರಿ ಓದು ಕಲಿಯಲು ಆಗಲಿಲ್ಲ. ಕೊನೆಗೆ ಪುಸ್ತಕಗಳನ್ನು ಕೊಂಡು 1839ರಲ್ಲಿ ‘ಫ್ರಾನ್ಸಿಸ್ ಹೆನ್ರಿಯೆಟ್ಟಾ’ ಎಂಬ ಬೇಟೆಯ ಹಡಗು ಹತ್ತಿದ. ಬಿಡುವಿನ ಹೊತ್ತೆಲ್ಲ ಅಕ್ಷರ ಕಲಿಯುವುದು ಅವನ ಲೆಕ್ಕಾಚಾರವಾಗಿತ್ತು. ತಿಮಿಂಗಿಲ ಬೇಟೆಯ ಹಡಗನ್ನೇ ಮದ್ರಸಾ ಮಾಡಿಕೊಂಡ ಈ ಯುವಕನನ್ನು ನೆನೆದಾಗ ನಮಗೆ ಅಚ್ಚರಿಯಾಗುತ್ತದೆ.

ಅವನು ಕಡಲಲ್ಲಿದ್ದ ಮೂರೂವರೆ ವರ್ಷಗಳಲ್ಲಿ ಹೆಚ್ಚಿನ ಕಾಲ ಅವನ ಅಕ್ಕ ತಾಯಿಯ ತಾಯಿಯ ಮನೆಯ ಮಾಡಿನ ಕೆಳಗೆ, ಎದ್ದು ನಿಲ್ಲಲೂ ಆಗದ ಕಿಂಡಿಯಲ್ಲಿ ಅಡಗಿದ್ದಳು. ಸುಮಾರು ಏಳು ವರ್ಷ ಹಾಗೆ ಕಳೆದು 1842ರಲ್ಲಿ ತಪ್ಪಿಸಿಕೊಂಡು ಉತ್ತರಕ್ಕೆ ಬಂದಳು. 1843ರಲ್ಲಿ ತಮ್ಮನ ಹಡಗು ಮರಳಿತು. ಅಕ್ಕ ತಮ್ಮಂದಿರು ಮತ್ತೆ ಮುಖ ನೋಡಿದರು. ಮುಂದೆ ಜಾನ್ ಗುಲಾಮಗಿರಿಯ ವಿರುದ್ಧ ಊರೂರಿನಲ್ಲಿ ಭಾಷಣ ಮಾಡಿದ. 1850ರಲ್ಲಿ ಓಡಿಹೋದ ಗುಲಾಮರನ್ನು ಹಿಡಿದುಕೊಡುವ ಕರಾಳ ಕಾನೂನು ಬಂದಾಗ ಕ್ಯಾಲಿಫೋರ್ನಿಯಾ, ಅಲ್ಲಿಂದ ಆಸ್ಟ್ರೇಲಿಯಾ ಸೇರಿದ. 1855ರಲ್ಲಿ ಸಿಡ್ನಿಯ ಪತ್ರಿಕೆಯೊಂದರಲ್ಲಿ ತನ್ನ ಆತ್ಮಕತೆ ಪ್ರಕಟಿಸಿದ. ಮತ್ತೆ ಖಲಾಸಿಯಾಗಿ ಕಡಲುಗಳನ್ನು ಸುತ್ತಿ, 1873ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ತೀರಿಕೊಂಡ.

ಆ ಸಿಡ್ನಿ ಬರಹವನ್ನು ಜಗತ್ತು ಮರೆತೇಬಿಟ್ಟಿತ್ತು. 2016ರಲ್ಲಿ ಜೊನಾಥನ್ ಶ್ರೋಡರ್ ಎಂಬ ಸಂಶೋಧಕ ಆಸ್ಟ್ರೇಲಿಯಾದ ಹಳೆಯ ಪತ್ರಿಕೆಗಳ ಡಿಜಿಟಲ್ ಸಂಗ್ರಹದಲ್ಲಿ ಅದನ್ನು ಪತ್ತೆ ಮಾಡಿದರು. 2024ರಲ್ಲಿ ಅದು ಪುಸ್ತಕವಾಗಿ ಬಂತು. ಅಮೆರಿಕದ ಖಲಾಸಿಯ ಮಾತು ಆಸ್ಟ್ರೇಲಿಯಾದ ಕಪಾಟಿನಲ್ಲಿ 160 ವರ್ಷ ಕಾದು ಕುಳಿತಿತ್ತು. ಕಡಲಿನವರನ್ನು ಅವರ ಊರಿನಲ್ಲಿ ಮಾತ್ರ ಹುಡುಕಿದರೆ ಸಾಲದು.

ಹುಡುಕುವ ದಾರಿ

ಹೆಸರಿಲ್ಲದ, ಬರೆಯದ ಖಲಾಸಿಯನ್ನು ಹುಡುಕುವವರು ಏನು ಮಾಡುತ್ತಾರೆ? ಅಜ್ಜಿ ಹೇಳಿದ ಕತೆಯಿಂದಲೇ ಶುರು. ‘ನಿನ್ನ ಮುತ್ತಜ್ಜ ಹಡಗಿನಲ್ಲಿ ಬಂದವನು’ ಎಂಬ ಒಂದು ಮಾತು. ಮಕ್ಕಳ ಹುಟ್ಟಿದ ವರ್ಷಗಳನ್ನು ಬರೆದು ನೋಡಿದರೆ ಅಜ್ಜ ಮನೆಯಲ್ಲಿಲ್ಲದ ವರ್ಷಗಳು ಕಾಣುತ್ತವೆ. ಆ ವರ್ಷಗಳಲ್ಲಿ ಹೊರಟು ಮರಳಿದ ಹಡಗುಗಳು ಯಾವುವು ಎಂದು ಪಯಣಗಳ ಪಟ್ಟಿಯಲ್ಲಿ ನೋಡಬೇಕು. 1843ರಿಂದ 1914ರವರೆಗೆ ನ್ಯೂ ಬೆಡ್‌ಫರ್ಡ್‌ನಿಂದ ಪ್ರಕಟವಾಗುತ್ತಿದ್ದ ವಾರಪತ್ರಿಕೆಯೊಂದು ಯಾವ ಹಡಗು ಎಲ್ಲಿದೆ, ಎಷ್ಟು ಪೀಪಾಯಿ ಎಣ್ಣೆ ತುಂಬಿದೆ ಎಂದು ಮಾಲೀಕರಿಗಾಗಿ ಸುದ್ದಿ ಕೊಡುತ್ತಿತ್ತು. ಅದೂ ನೆರವಿಗೆ ಬರುತ್ತದೆ.

ನಂತರ ಆಳುಗಳ ಪಟ್ಟಿ. ಇಲ್ಲೊಂದು ಎಚ್ಚರಿಕೆ ಬೇಕು. ಸುಂಕದ ಕಚೇರಿಗೆ ಕೊಟ್ಟದ್ದು ಹೊರಡುವಾಗಿನ ಪಟ್ಟಿ. ದಾರಿಯಲ್ಲಿ ಅಜೋರ್ಸ್‌ನಲ್ಲೋ ಕೇಪ್ ವರ್ಡ್‌ನಲ್ಲೋ ಹವಾಯಿಯಲ್ಲೋ ಹತ್ತಿಸಿಕೊಂಡವನ ಹೆಸರು ಅದರಲ್ಲಿರುವುದಿಲ್ಲ. ಅಂಥವನನ್ನು ಆ ಬಂದರುಗಳಲ್ಲಿದ್ದ ಅಮೆರಿಕದ ಕಾನ್ಸುಲ್‌ಗಳ ಕಡತದಲ್ಲಿ, ಹಡಗಿನ ಪಾಲುಪತ್ರದಲ್ಲಿ, ಲಾಭ ಹಂಚಿದ ಲೆಕ್ಕದ ಪುಸ್ತಕದಲ್ಲಿ ಹುಡುಕಬೇಕು. ಹಡಗಿನ ದಿನಚರಿಯನ್ನೂ ನೋಡಬೇಕು. ಅದನ್ನು ಸಾಮಾನ್ಯವಾಗಿ ಕಪ್ತಾನನ ನಂತರದ ಅಧಿಕಾರಿ ಬರೆಯುತ್ತಿದ್ದ. ಗಾಳಿ ಎತ್ತ ಬೀಸಿತು, ಯಾವ ಅಕ್ಷಾಂಶದಲ್ಲಿದ್ದೇವೆ ಎಂದು ದಿನವೂ ಇರುತ್ತದೆ. ಕೊಂದ ತಿಮಿಂಗಿಲಕ್ಕೊಂದು ಮುದ್ರೆಯೊತ್ತಿ, ಅದು ಕೊಟ್ಟ ಪೀಪಾಯಿಗಳ ಲೆಕ್ಕ ಬರೆದಿರುತ್ತದೆ. ಖಲಾಸಿಯ ಹೆಸರು ಬರುವುದು ಅವನು ಏಟು ತಿಂದ ದಿನ, ಓಡಿಹೋದ ದಿನ ಅಥವಾ ಸತ್ತ ದಿನ. ನೆಟ್ಟಗೆ ದುಡಿದು ಮರಳಿದವನ ಬಗ್ಗೆ ದಿನಚರಿಯಲ್ಲಿ ಒಂದು ಸಾಲೂ ಇರುವುದಿಲ್ಲ. ಮೊಮ್ಮಕ್ಕಳಿಗೆ ಈ ಮೌನವೇ ಒಂದು ಸಮಾಧಾನ.

ಜಾನ್, ಜೋಸೆಫ್, ಆಂಟೋನ್ ಎಂಬ ಹೆಸರಿನವರು ಪಟ್ಟಿಗಳಲ್ಲಿ ಲೆಕ್ಕವಿಲ್ಲದಷ್ಟು. ಹೆಸರು ಹೊಂದಿತೆಂದು ಕುಣಿಯಬಾರದು. ವಯಸ್ಸು, ಎತ್ತರ, ಹುಟ್ಟಿದ ಸ್ಥಳ ಮೂರೂ ಕೂಡಿ ಬಂದರೆ, ಜನಗಣತಿಯೂ ಮದುವೆಯ ದಾಖಲೆಯೂ ಅದನ್ನು ಒಪ್ಪಿದರೆ, ಆಗ ಇವನೇ ನಮ್ಮ ಅಜ್ಜ ಇರಬಹುದು ಎನ್ನಬೇಕು. ಹದೀಸ್ ಸಂಗ್ರಹಕಾರರು ಒಂದು ಮಾತನ್ನು ಒಪ್ಪುವ ಮೊದಲು ಅದನ್ನು ತಲುಪಿಸಿದವರ ಸರಪಣಿಯನ್ನು ಕೊಂಡಿ ಕೊಂಡಿಯಾಗಿ ಪರೀಕ್ಷಿಸುತ್ತಿದ್ದುದು ನಮಗೆ ನೆನಪಾಗುತ್ತದೆ. ಒಂದು ಕೊಂಡಿ ದುರ್ಬಲವಾದರೆ ಇಡೀ ಸರಪಣಿ ದುರ್ಬಲ.

ನಮ್ಮ ಖಲಾಸಿಗಳು

ಇದನ್ನೆಲ್ಲ ಓದುವಾಗ ನಮ್ಮ ಪಡುವಣ ಕರಾವಳಿಯ ನೆನಪಾಗದಿರದು. ನಾಖುದಾ ಎಂಬ ಮನೆತನದ ಹೆಸರು ನಮ್ಮ ಕರಾವಳಿಯಲ್ಲಿ ಇಂದಿಗೂ ಇದೆ. ಹಡಗಿನ ಒಡೆಯ ಎಂಬುದು ಆ ಪಾರಸಿ ಪದದ ಅರ್ಥ. ಬ್ರಿಟಿಷರ ಕಾಲದಲ್ಲಿ ಗುಜರಾತ್, ಕೊಂಕಣ, ಗೋವಾ, ಮಲಬಾರ್, ಬಂಗಾಳಗಳಿಂದ ಸಾವಿರಾರು ಮಂದಿ ಆವಿಹಡಗುಗಳಲ್ಲಿ ದುಡಿಯಲು ಹೋದರು. ಅವರಲ್ಲಿ ಮುಸ್ಲಿಮರ ಪಾಲು ದೊಡ್ಡದು. ಅವರನ್ನು ‘ಲಸ್ಕರ್’ ಎಂದು ಕರೆದರು. ಅದೇ ಕೆಲಸಕ್ಕೆ ಬಿಳಿಯ ಖಲಾಸಿಗಿಂತ ಬಹಳ ಕಡಿಮೆ ಕೂಲಿ, ಕಡಿಮೆ ಜಾಗ. ಅವರ ಹೆಸರೂ ಆಂಗ್ಲ ಗುಮಾಸ್ತನ ಕಿವಿಗೆ ಕೇಳಿದಂತೆ. ಒಂದೇ ಮುಹಮ್ಮದ್ ಎಂಬ ಹೆಸರು ಎಷ್ಟು ಕಾಗುಣಿತಗಳಲ್ಲಿ ಚೂರಾಗಿದೆ ಎಂಬುದಕ್ಕೆ ಲೆಕ್ಕವಿಲ್ಲ.

ಅವರ ಸುಳಿವೂ ಪೂರ್ತಿ ಅಳಿದಿಲ್ಲ. 1915ನೇ ಇಸವಿಯ ಬ್ರಿಟಿಷ್ ವ್ಯಾಪಾರಿ ಹಡಗುಗಳ ಸುಮಾರು 39,000 ಪಟ್ಟಿಗಳನ್ನು ಸ್ವಯಂಸೇವಕರು ಕೂತು ನಕಲು ಮಾಡಿ ಅಂತರ್ಜಾಲದಲ್ಲಿ ಇಟ್ಟಿದ್ದಾರೆ. ಏಳೂವರೆ ಲಕ್ಷ ಹೆಸರುಗಳಿರುವ ಆ ಸಂಗ್ರಹದಲ್ಲಿ ಭಾರತೀಯ ಖಲಾಸಿಗಳೂ ಇದ್ದಾರೆ. ಮೊದಲ ಮಹಾಯುದ್ಧದಲ್ಲಿ ಹಡಗಿನೊಡನೆ ಮುಳುಗಿ, ಕಡಲೇ ಗೋರಿಯಾದ 2,000ಕ್ಕೂ ಹೆಚ್ಚು ನಾವಿಕರಿಗಾಗಿ ಮುಂಬಯಿಯ ಇಂಡಿಯನ್ ಸೈಲರ್ಸ್ ಹೋಮ್‌ನಲ್ಲಿ ಒಂದು ಸ್ಮಾರಕವಿದೆ. ನ್ಯೂ ಬೆಡ್‌ಫರ್ಡ್‌ನಲ್ಲಿಯೂ 1832ರಲ್ಲಿ ಕಟ್ಟಿದ ನಾವಿಕರ ಪ್ರಾರ್ಥನಾಲಯದ ಗೋಡೆಗಳಲ್ಲಿ ಇಂಥವೇ ಅಮೃತಶಿಲೆಯ ಹಲಗೆಗಳಿವೆ. ಅಲ್ಲಿಗೆ ಮೊಮ್ಮಕ್ಕಳು ಹುಡುಕಿಕೊಂಡು ಬರುತ್ತಾರೆ. ಮುಂಬಯಿಯ ಸ್ಮಾರಕವನ್ನು ಹುಡುಕಿಕೊಂಡು ಹೋದವರು ನಮ್ಮಲ್ಲಿ ಎಷ್ಟು ಮಂದಿ?

ಕಾಗದ ಮತ್ತು ಮನುಷ್ಯ

ಹಳೆಯ ಕಾಗದ ಬರೀ ಕುತೂಹಲದ ವಿಷಯವಲ್ಲ. ಅಕ್ವಿನ್ನಾದ ವಾಂಪನೋಗ್ ಜನರಿಗೆ 1987ರಲ್ಲಿ, ಮ್ಯಾಷ್ಪೀಯ ವಾಂಪನೋಗ್ ಜನರಿಗೆ 2007ರಲ್ಲಿ ಅಮೆರಿಕ ಸರಕಾರ ಬುಡಕಟ್ಟು ಎಂಬ ಮಾನ್ಯತೆ ಕೊಟ್ಟಿತು. ಹಳೆಯ ಬುಡಕಟ್ಟಿನ ವಂಶಸ್ಥರು ತಾವು ಎಂದು ತೋರಿಸುವುದು ಅಂಥ ಮಾನ್ಯತೆಗೆ ಇರುವ ಷರತ್ತುಗಳಲ್ಲೊಂದು. ಯಾರ ಅಜ್ಜಂದಿರ ನೆಲ ಕಸಿದು ಕಡಲಿಗೆ ಅಟ್ಟಲಾಗಿತ್ತೋ ಅವರ ಮೊಮ್ಮಕ್ಕಳೇ ‘ನಾವು ನಾವೇ’ ಎಂದು ಕಾಗದ ತೋರಿಸಬೇಕಾಯಿತು.

ಇದು ನಮಗೆ ದೂರದ ಕತೆಯಲ್ಲ. 2019ರ ಆಗಸ್ಟ್ 31ರಂದು ಅಸ್ಸಾಮಿನ ಪೌರತ್ವ ನೋಂದಣಿಯ ಅಂತಿಮ ಪಟ್ಟಿ ಬಂದಾಗ 19 ಲಕ್ಷಕ್ಕೂ ಹೆಚ್ಚು ಜನ ಅದರಿಂದ ಹೊರಗುಳಿದರು. ಅಲ್ಲಿಯೂ ಕೇಳಿದ್ದು ಅಜ್ಜನ ಹೆಸರನ್ನೇ. ಒಂದು ದಾಖಲೆಯಲ್ಲಿ ಒಂದು ಕಾಗುಣಿತ, ಇನ್ನೊಂದರಲ್ಲಿ ಇನ್ನೊಂದು ಕಾಗುಣಿತ ಎಂಬ ಕಾರಣಕ್ಕೆ ಅಲೆದವರಲ್ಲಿ ಹಿಂದೂಗಳೂ ಇದ್ದರು, ಮುಸ್ಲಿಮರೂ ಇದ್ದರು. ಹಡಗಿನ ಪಟ್ಟಿಗಳನ್ನು ಓದಿದವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ತಪ್ಪು ಮಾಡಿದ್ದು ಹೆಸರು ಹೇಳಿದವನಲ್ಲ, ಬರೆದುಕೊಂಡವನು. ಆ ತಪ್ಪಿನ ಬೆಲೆಯನ್ನು ಮೂರು ತಲೆಮಾರಿನ ನಂತರ ತೆರುವವನು ಹೆಸರು ಹೇಳಿದವನ ಮೊಮ್ಮಗ.

1859ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಭೂಮಿಯಿಂದ ಎಣ್ಣೆ ಚಿಮ್ಮಿತು. ತಿಮಿಂಗಿಲದ ಎಣ್ಣೆಯ ಬೆಲೆ ಕುಸಿಯತೊಡಗಿತು. 1871ರಲ್ಲಿ ಒಂದೇ ಋತುವಿನಲ್ಲಿ 33 ಹಡಗುಗಳು ಉತ್ತರದ ಹಿಮದಲ್ಲಿ ಸಿಕ್ಕಿಕೊಂಡವು. 1924ರಲ್ಲಿ ವಾಂಡರರ್ ಎಂಬ ಹಡಗು ನ್ಯೂ ಬೆಡ್‌ಫರ್ಡ್ ಬಿಟ್ಟ ಮರುದಿನವೇ ಬಿರುಗಾಳಿಗೆ ಒಡೆಯಿತು. ಅಲ್ಲಿಗೆ ಆ ಯುಗ ಮುಗಿಯಿತು. ಎಣ್ಣೆಯ ದೀಪಗಳು ಆರಿದವು, ಮಾಲೀಕರ ಬಂಗಲೆಗಳು ಕೈ ಬದಲಾದವು. ಉಳಿದದ್ದು ಗುಮಾಸ್ತರು ಬೇಸರದಿಂದ ತುಂಬಿದ ಆ ಹಾಳೆಗಳು.

ನಮ್ಮ ಮನೆಗಳಲ್ಲಿಯೂ ಒಂದು ತಗಡಿನ ಪೆಟ್ಟಿಗೆ ಇರುತ್ತದೆ. ಅದರಲ್ಲಿ ಅಜ್ಜನ ಹಡಗಿನ ಚೀಟಿಯೋ ಹಳೆಯ ಪಾಸ್‌ಪೋರ್ಟೋ ಹಜ್‌ಗೆ ಹೋದ ಕಾಗದವೋ ಮಡಚಿ ಇಟ್ಟಿರುತ್ತದೆ. ಮನೆಯ ಹಿರಿಯರೊಬ್ಬರು ಇನ್ನೂ ನಮ್ಮೊಡನೆ ಇರುವಾಗಲೇ ಆ ಪೆಟ್ಟಿಗೆಯನ್ನು ತೆರೆದು, ಅವರ ಪಕ್ಕದಲ್ಲಿ ಕೂತು, ಆ ಹೆಸರುಗಳನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳೋಣ. ಅವರು ಹೇಳಿದ ಹಾಗೆಯೇ ಬರೆದುಕೊಳ್ಳೋಣ.